ಸುಳಿ ನೋಡಿ ಟ್ಯೂನಾಕ್ಕೆ ಹೊರಡುವುದು: ನನ್ನ ಅನುಭವ

ಮೊದಲೇ ಹೇಳಿಬಿಡುತ್ತೇನೆ. ಸಮುದ್ರದ ಸುಳಿಗಳ ಮುನ್ಸೂಚನೆ ಮೀನು ಎಲ್ಲಿದೆ ಅಂತ ಹೇಳುವುದಿಲ್ಲ, ನೀರು ಹೇಗಿದೆ ಅಂತ ಮಾತ್ರ ಹೇಳುತ್ತದೆ. ಆದರೆ ದಡ ಬಿಟ್ಟು 80-100 ನಾಟಿಕಲ್ ಮೈಲಿ ಹೋಗುವ ಬೋಟಿಗೆ ಅಷ್ಟೇ ದೊಡ್ಡ ವಿಷಯ. ಅಷ್ಟು ದೂರ ಹೋದಮೇಲೆ ಇಲ್ಲಿಲ್ಲ, ಅಲ್ಲಿ ನೋಡೋಣ ಅಂತ ಅಲೆಯಲು ಡೀಸೆಲ್ ಉಳಿದಿರುವುದಿಲ್ಲ. ಹಾಗಾಗಿ ನಾನು ಇದನ್ನು ಬಳಸುವುದು ಎಲ್ಲಿಗೆ ಹೋಗಬಾರದು ಅಂತ ತೀರ್ಮಾನಿಸಲೇ ಜಾಸ್ತಿ.

ಆಳ ಸಮುದ್ರದ ಈ ಸುಳಿಗಳು ನೂರಾರು ಕಿಲೋಮೀಟರ್ ಅಗಲ ಇರಬಹುದು. ನಿಧಾನವಾಗಿ ತಿರುಗುತ್ತವೆ, ವಾರಗಟ್ಟಲೆ, ಒಮ್ಮೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತವೆ. ಬೆಚ್ಚಗಿನ ಒಡಲಿನ ಸುಳಿಯಲ್ಲಿ ಸಮುದ್ರದ ಮೇಲ್ಮೈ ಸುತ್ತಲಿಗಿಂತ ಸ್ವಲ್ಪ ಉಬ್ಬಿರುತ್ತದೆ, ತಣ್ಣಗಿನದರಲ್ಲಿ ತಗ್ಗಿರುತ್ತದೆ. ವ್ಯತ್ಯಾಸ ಹತ್ತಿಪ್ಪತ್ತು ಸೆಂಟಿಮೀಟರ್ ಇದ್ದರೂ ಉಪಗ್ರಹದ ರೇಡಾರ್ ಅಳೆಯುತ್ತದೆ. 1992ರಲ್ಲಿ ಟೋಪೆಕ್ಸ್/ಪೊಸೈಡನ್ ಉಪಗ್ರಹ ಹಾರಿದಾಗಿನಿಂದ ಈ ಅಳತೆ ನಿಂತಿಲ್ಲ, ಮೋಡ ಕವಿದರೂ ಸಿಗುತ್ತದೆ. ಬಿಸಿಯನ್ನು ನೋಡುವ ಇನ್‌ಫ್ರಾರೆಡ್ ಚಿತ್ರ ಮೋಡ ಬಂದರೆ ಕುರುಡು. ಅದಕ್ಕೇ ನಾನು ಶುರುಮಾಡುವುದು ಸಮುದ್ರ ಮಟ್ಟದ ನಕ್ಷೆಯಿಂದ, ತಾಪಮಾನದ ನಕ್ಷೆಯಿಂದ ಅಲ್ಲ.

ಮುನ್ಸೂಚನೆಗೆ ನಾನು ತೆರೆಯುವುದು ಯುರೋಪಿನ ಸಾಗರ ಮಾಹಿತಿ ಸೇವೆಯಾದ ಕೊಪರ್ನಿಕಸ್ ಮರೀನ್‌ನವರ ಜಾಗತಿಕ ಕಂಪ್ಯೂಟರ್ ಮಾಡೆಲ್. ಹತ್ತು ದಿನ ಮುಂದಿನವರೆಗೂ ಕೊಡುತ್ತದೆ, ಡಿಗ್ರಿಯ ಹನ್ನೆರಡನೇ ಒಂದು ಭಾಗದ ಚೌಕಗಳಲ್ಲಿ, ಉಚಿತವಾಗಿ. ಆದರೆ ಮುಂದಿನ ದಿನಗಳನ್ನು ನೋಡುವ ಮೊದಲು ಹಿಂದಿನ ಮೂರ್ನಾಲ್ಕು ವಾರ ಓಡಿಸಿ ನೋಡುತ್ತೇನೆ. ನಕ್ಷೆಯಲ್ಲಿ ಒಂದೇ ಎತ್ತರ ತೋರಿಸುವ ಸುತ್ತುಗೆರೆ ಮುಚ್ಚಿಕೊಂಡು, ಆಕಾರ ಬಿಡದೆ, ದಿನಕ್ಕೆ ಕೆಲವೇ ಕಿಲೋಮೀಟರಿನಂತೆ ಪಶ್ಚಿಮಕ್ಕೆ ಜಾರುತ್ತಿರುವ ಸುಳಿ ಸಿಕ್ಕರೆ ಅದು ನನ್ನ ಪಟ್ಟಿಗೆ. ನಿನ್ನೆ ಹುಟ್ಟಿದ ಹಾಗೆ ಕಾಣುವ ಸುಳಿಯನ್ನು ಎಷ್ಟೇ ಚೆನ್ನಾಗಿದ್ದರೂ ಬಿಡುತ್ತೇನೆ. ಒಂದು ಎಚ್ಚರಿಕೆ: ಸಮುದ್ರ ಮಟ್ಟ ಸರಾಸರಿಯಿಂದ ಎಷ್ಟು ವ್ಯತ್ಯಾಸ ಅಂತ ತೋರಿಸುವ ನಕ್ಷೆಯೊಂದನ್ನೇ ನಂಬಬೇಡಿ, ಯಾವಾಗಲೂ ಇರುವ ದೊಡ್ಡ ಪ್ರವಾಹ ಸ್ವಲ್ಪ ಪಕ್ಕಕ್ಕೆ ಸರಿದರೂ ಅದರಲ್ಲಿ ಸುಳಿಯ ಹಾಗೇ ಕಾಣುತ್ತದೆ. ಪೂರ್ತಿ ಎತ್ತರದ ನಕ್ಷೆಯನ್ನೂ ಪಕ್ಕದಲ್ಲಿಟ್ಟು ನೋಡಿ. ಭೂಮಧ್ಯರೇಖೆಗೆ ತೀರಾ ಹತ್ತಿರ, ಮತ್ತೆ ದಡದ ಹತ್ತಿರದ ಆಳ ಕಡಿಮೆ ಇರುವ ನೀರಿನಲ್ಲಿ, ಎತ್ತರದಿಂದ ಸುಳಿ ಗುರುತಿಸುವ ಈ ಲೆಕ್ಕ ಸರಿಬರುವುದಿಲ್ಲ.

ಇನ್ನು ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು. ನಾವು ಹೋಗುವಷ್ಟರಲ್ಲಿ ಸುಳಿ ಬೇರೆ ಕಡೆ ಹೋಗಿರುತ್ತದಲ್ವಾ ಅಂತ ತುಂಬಾ ಜನ ಕೇಳುತ್ತಾರೆ. ಲೆಕ್ಕ ಹಾಕಿ ನೋಡಿ. 8 ನಾಟ್ ವೇಗದಲ್ಲಿ 80 ನಾಟಿಕಲ್ ಮೈಲಿಗೆ 10 ಗಂಟೆ ಸಾಕು, ಅಷ್ಟರಲ್ಲಿ ಸುಳಿ ಒಂದೆರಡು ಕಿಲೋಮೀಟರ್ ಸರಿದರೆ ಹೆಚ್ಚು. ತೊಂದರೆ ಇರುವುದು ಅಲ್ಲಲ್ಲ. ಉಪಗ್ರಹ ತನ್ನ ಕೆಳಗಿನ ಒಂದು ಗೆರೆಯ ಮೇಲೆ ಮಾತ್ರ ಅಳೆಯುತ್ತದೆ, ಜೇಸನ್ ಥರದ ಉಪಗ್ರಹ ಅದೇ ಗೆರೆಗೆ ಮರಳಲು ಸುಮಾರು 10 ದಿನ ಬೇಕು, ಗೆರೆಗಳ ನಡುವಿನ ಜಾಗವನ್ನು ಬೇರೆ ಉಪಗ್ರಹಗಳಿಂದಲೂ ಲೆಕ್ಕದಿಂದಲೂ ತುಂಬಿಸುತ್ತಾರೆ. ಹಾಗಾಗಿ ಇವತ್ತಿನ ನಕ್ಷೆಯಲ್ಲೇ ಸುಳಿಯ ಅಂಚು ಹತ್ತಾರು ಕಿಲೋಮೀಟರ್ ಆಚೀಚೆ ಇರಬಹುದು. 2022ರ ಡಿಸೆಂಬರಿನಲ್ಲಿ ಹಾರಿದ ಸ್ವಾಟ್ ಉಪಗ್ರಹ ಗೆರೆಯ ಬದಲು ಸುಮಾರು 120 ಕಿಲೋಮೀಟರ್ ಅಗಲದ ಪಟ್ಟಿಯನ್ನೇ ಅಳೆಯುತ್ತದೆ, ಆದರೆ ಅದು ಅದೇ ಜಾಗಕ್ಕೆ ಬರಲು 21 ದಿನ.

ಇದಕ್ಕೆ ನಾನು ಮಾಡುವುದು ಇಷ್ಟು. ಶನಿವಾರ ಹೊರಡುವುದಿದ್ದರೆ, ಸೋಮವಾರದ ಮುನ್ಸೂಚನೆ ಶನಿವಾರದ ಬಗ್ಗೆ ಏನು ಹೇಳಿತ್ತು, ಮಂಗಳವಾರದ್ದು ಏನು ಹೇಳಿತು, ಬುಧವಾರದ್ದು ಏನು, ಹೀಗೆ ಒಂದೇ ದಿನದ ಚಿತ್ರಗಳನ್ನು ಉಳಿಸಿಟ್ಟು ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ಅಂಚು ಪ್ರತಿ ಸಲ ಅಲ್ಲೇ ಬಿದ್ದರೆ ಧೈರ್ಯ. ದಿನಕ್ಕೊಂದು ಕಡೆ ನೆಗೆಯುತ್ತಿದ್ದರೆ ಮಾಡೆಲ್‌ಗೇ ಖಾತ್ರಿ ಇಲ್ಲ ಅಂತ ಅರ್ಥ, ಆಗ ಬೇರೆ ಸುಳಿ ನೋಡುತ್ತೇನೆ. ಒಂದೇ ದಿನದ ಚಂದದ ಬಣ್ಣದ ನಕ್ಷೆ ನೋಡಿ ಹೊರಡುವವರಿಗೆ ಈ ಮಾತು ಕಾಣುವುದೇ ಇಲ್ಲ. ಮೋಡ ಸರಿದ ದಿನ ಸಿಕ್ಕರೆ ತಾಪಮಾನದ ಚಿತ್ರವನ್ನೂ ನೀರು ಎಷ್ಟು ಹಸಿರು ಅಂತ ತೋರಿಸುವ ಕ್ಲೋರೊಫಿಲ್ ಚಿತ್ರವನ್ನೂ ಅದರ ಮೇಲಿಡುತ್ತೇನೆ. ಮೂರೂ ಒಂದೇ ಜಾಗದಲ್ಲಿ ತಿರುವು ತೋರಿಸಿದರೆ ಇನ್ನು ಯೋಚನೆ ಬೇಡ.

ಬೆಚ್ಚಗಿನದಾ, ತಣ್ಣಗಿನದಾ? ಇದಕ್ಕೆ ಒಂದೇ ಉತ್ತರ ಇಲ್ಲ. ಹವಾಯಿಯ ಲಾಂಗ್‌ಲೈನ್ (ಸಾಲಾಗಿ ಗಾಳ ಕಟ್ಟಿದ ಉದ್ದ ದಾರ) ಬೋಟುಗಳು ಹಿಡಿದ ಮೀನಿನ ಲೆಕ್ಕ ಇಟ್ಟುಕೊಂಡು ಮಾಡಿದ ಒಂದು ಅಧ್ಯಯನ 2022ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಅಲ್ಲಿನ ನೀರಿನಲ್ಲಿ ಬೆಚ್ಚಗಿನ ಸುಳಿಗಳಲ್ಲೇ ದೊಡ್ಡ ಬೇಟೆ ಮೀನುಗಳು ಹೆಚ್ಚು ಸೇರುತ್ತವೆ ಅಂತ ಕಂಡಿತು. ತಣ್ಣಗಿನ ಸುಳಿಯಲ್ಲಿ ಕೆಳಗಿನ ಪೋಷಕಾಂಶ ಮೇಲೆ ಬಂದು ನೀರು ಹಸಿರಾಗುತ್ತದೆ ನಿಜ, ಆದರೆ ಹಸಿರು ಇದ್ದಲ್ಲೆಲ್ಲ ಟ್ಯೂನಾ ಇರುವುದಿಲ್ಲ. ನಾನು ಒಳಗಿಗಿಂತ ಅಂಚಿಗೆ ಬೆಲೆ ಕೊಡುತ್ತೇನೆ, ಅದರಲ್ಲೂ ಬೆಚ್ಚಗಿನ ಮತ್ತು ತಣ್ಣಗಿನ ಸುಳಿ ಒಂದಕ್ಕೊಂದು ಒತ್ತಿಕೊಂಡಿರುವ ಜಾಗಕ್ಕೆ. ಗಾಳ ಎಷ್ಟು ಆಳಕ್ಕೆ ಅನ್ನುವುದು ಮಾತ್ರ ಸುಳಿಯ ಜಾತಿ ನೋಡಿಯೇ. ಮಾಡೆಲ್‌ನಲ್ಲಿ 20 ಡಿಗ್ರಿ ನೀರು ಎಷ್ಟು ಆಳದಲ್ಲಿದೆ ಅಂತ ನೋಡುತ್ತೇನೆ. ಬೆಚ್ಚಗಿನ ಸುಳಿ ಥರ್ಮೋಕ್ಲೈನನ್ನು (ಮೇಲಿನ ಬೆಚ್ಚಗಿನ ನೀರು ಮುಗಿದು ಬೇಗನೆ ತಣ್ಣಗಾಗುವ ಪದರ) ಕೆಳಗೆ ಒತ್ತಿರುತ್ತದೆ, ಗಾಳವೂ ಕೆಳಗೆ ಹೋಗಬೇಕು. ತಣ್ಣಗಿನದು ಮೇಲಕ್ಕೆತ್ತಿರುತ್ತದೆ, ಯೆಲ್ಲೋಫಿನ್ ಟ್ಯೂನಾ ಹೆಚ್ಚಾಗಿ ಮೇಲಿನ ಬೆಚ್ಚಗಿನ ಪದರದಲ್ಲೇ ಇರುವ ಮೀನು, ಆ ತೆಳು ಪದರದಲ್ಲಿ ಸಿಕ್ಕಿಹಾಕಿಕೊಂಡ ಹಾಗಿರುತ್ತದೆ. ಬಿಗ್‌ಐ ಟ್ಯೂನಾ ಹಗಲಲ್ಲಿ 300 ಮೀಟರಿಗೂ ಕೆಳಗೆ ಇಳಿದು ರಾತ್ರಿ ಮೇಲೆ ಬರುತ್ತದೆ, ಅದರ ಲೆಕ್ಕವೇ ಬೇರೆ.

ನೀರಿಗಿಳಿದಮೇಲೆ ನಕ್ಷೆಯನ್ನು ಪಕ್ಕಕ್ಕಿಟ್ಟು ಬೋಟಿನ ನಡೆ ನೋಡುತ್ತೇನೆ. ಉತ್ತರ ಗೋಳಾರ್ಧದಲ್ಲಿ ಬೆಚ್ಚಗಿನ ಸುಳಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಪೂರ್ವದಿಂದ ನೇರ ಪಶ್ಚಿಮಕ್ಕೆ ಅದರ ನಡುವೆ ಹೋದರೆ ಮೊದಲು ನೀರು ನಮ್ಮನ್ನು ದಕ್ಷಿಣಕ್ಕೆ, ಅಂದರೆ ಎಡಕ್ಕೆ, ತಳ್ಳುತ್ತದೆ. ಜಿಪಿಎಸ್‌ನಲ್ಲಿ ಗೆರೆ ಹಿಡಿಯಲು ಮೂತಿಯನ್ನು ಬಲಕ್ಕೆ ಹೆಚ್ಚು ಹೆಚ್ಚು ತಿರುಗಿಸಬೇಕಾಗುತ್ತದೆ. ಆ ತಿರುವು ಎಲ್ಲಿ ಅತಿ ಹೆಚ್ಚೋ ಅದೇ ಜೋರು ಹರಿವಿನ ಅಂಚು. ನಡುವಿಗೆ ಬಂದಾಗ ತಳ್ಳುವುದು ನಿಲ್ಲುತ್ತದೆ, ದಾಟಿದ ಮೇಲೆ ಬಲಕ್ಕೆ ತಳ್ಳಲು ಶುರು. ಗಾಳಿಯ ತಳ್ಳಾಟವೂ ಇದರಲ್ಲಿ ಸೇರಿರುತ್ತದೆ, ಅದನ್ನು ಕಳೆದು ನೋಡಬೇಕು. ದಕ್ಷಿಣ ಗೋಳಾರ್ಧದಲ್ಲಿ ಎಲ್ಲ ತಿರುವುಮುರುವು. ಇದರ ಜೊತೆಗೆ ನೀರಿನ ತಾಪಮಾನ ಅರ್ಧ ಡಿಗ್ರಿ ಬದಲಾದದ್ದು, ಕಸ ಮತ್ತು ಪಾಚಿ ಸಾಲುಗಟ್ಟಿದ್ದು, ಹಕ್ಕಿ ಕಂಡದ್ದು, ಎಲ್ಲವನ್ನೂ ಗಂಟೆ ಸಮೇತ ಬರೆಯುತ್ತೇನೆ. ನಿಜವಾದ ಅಂಚು ನಕ್ಷೆಗಿಂತ ಎಷ್ಟು ದೂರ, ಯಾವ ಕಡೆ ಅಂತ ಗೊತ್ತಾದರೆ ಉಳಿದ ನಕ್ಷೆಯನ್ನೂ ಮನಸ್ಸಿನಲ್ಲಿ ಅಷ್ಟೇ ಸರಿಸಿಕೊಳ್ಳಬಹುದು.

ಆಮೇಲೆ ಅಂಚಿನ ಗುಂಟ ಅಂಕುಡೊಂಕಾಗಿ ಗಾಳ ಎಳೆಯುವುದು, ಹರಿವಿನ ಜೊತೆಗೇ, ಎದುರಿಗಲ್ಲ. ಡೀಸೆಲ್ ಅಲ್ಲೇ ಉಳಿಯುತ್ತದೆ. ಲಾಂಗ್‌ಲೈನ್ ಹಾಕುವವರಿಗೆ ಮಾತ್ರ ಅಂಚಿನಲ್ಲಿ ಜಾಗ್ರತೆ ಬೇಕು, ಮೇಲಿನ ನೀರು ಒಂದು ಕಡೆ ಕೆಳಗಿನದು ಇನ್ನೊಂದು ಕಡೆ ಎಳೆದರೆ ದಾರ ಸಿಕ್ಕಾಗುತ್ತದೆ. ಹೊರಡುವ ಮೊದಲೇ ನಾನು ಇನ್ನೊಂದು ಸುಳಿಯನ್ನೂ ಗುರುತು ಮಾಡಿರುತ್ತೇನೆ, ಯಾವಾಗಲೂ ವಾಪಸ್ ಬರುವ ದಾರಿಯ ಹತ್ತಿರದ್ದೇ. ಮೊದಲನೆಯದರಲ್ಲಿ ಬೋಟಿನ ನಡೆ ಬದಲಾಗದೆ, ತಾಪಮಾನವೂ ಅಲುಗದೆ ಇದ್ದರೆ ಅಲ್ಲಿ ಸುಮ್ನೆ ಕಾಯುವುದಿಲ್ಲ, ಎರಡನೆಯದರ ಕಡೆ ಮೂತಿ ತಿರುಗಿಸುತ್ತೇನೆ.