ಮನೆಯ ಕೋಣೆಯಲ್ಲೇ ಧ್ವನಿಮುದ್ರಣ: ಕನ್ನಡ ಪುಸ್ತಕವನ್ನು ಓದಿ ದಾಖಲಿಸುವುದು ಹೇಗೆ?

ಮನೆಯೊಳಗಿನಿಂದಲೇ ದನಿಯನ್ನು ಊರಿಗೆ ಮುಟ್ಟಿಸುವ ಕೆಲಸ ಕನ್ನಡ ನಾಡಿಗೆ ಹೊಸದಲ್ಲ. ಮೈಸೂರಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ಖಾಸಗಿ ಬಾನುಲಿ ಕೇಂದ್ರವನ್ನು ಆರಂಭಿಸಿದರು. ಅದರ ಹೆಸರು ‘ಆಕಾಶವಾಣಿ’. ಇಂದು ಪ್ರಸಾರದ ಯಂತ್ರವೇನೂ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಮೈಕ್, ಒಂದು ಹೆಡ್‌ಫೋನ್ ಇದ್ದರೆ ಕಥೆ, ಕವಿತೆ, ಪಾಠ, ಕಾದಂಬರಿ ಯಾವುದನ್ನಾದರೂ ಓದಿ ದಾಖಲಿಸಬಹುದು. ಆದರೂ ಮನೆಯಲ್ಲಿ ಮಾಡಿದ ಎಷ್ಟೋ ಮುದ್ರಣಗಳು ಬಚ್ಚಲುಮನೆಯಿಂದ ಕೂಗಿದಂತೆ ಕೇಳುತ್ತವೆ. ದುಬಾರಿ ಮೈಕ್ ಕೊಂಡವರಿಗೂ ಈ ದೋಷ ತಪ್ಪುವುದಿಲ್ಲ, ಏಕೆಂದರೆ ಅದು ಕೋಣೆಯ ದೋಷ. ಆದ್ದರಿಂದ ಕೈಯಲ್ಲಿರುವ ಹಣ ಮತ್ತು ಶ್ರಮ ಎರಡರ ಮೊದಲ ಪಾಲೂ ಕೋಣೆಗೆ ಸಲ್ಲಬೇಕು.

ಮೊದಲು ಕೋಣೆಯನ್ನು ಕೇಳಿಸಿಕೊಳ್ಳಿ

ಓದಲು ಉದ್ದೇಶಿಸಿರುವ ಹೊತ್ತಿನಲ್ಲೇ ಆ ಕೋಣೆಯಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಕುಳಿತು, ಕೇಳಿಸಿದ ಸದ್ದುಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಸೀಲಿಂಗ್ ಫ್ಯಾನು, ಫ್ರಿಜ್ಜು, ಇನ್ವರ್ಟರಿನ ಗುಂಯ್‌ಗುಡುವಿಕೆ, ಹಳೆಯ ಟ್ಯೂಬ್‌ಲೈಟಿನ ಚೋಕು, ಪಕ್ಕದ ಮನೆಯ ಕುಕ್ಕರಿನ ಸೀಟಿ, ನೀರಿನ ಮೋಟಾರು, ಬೀದಿಯ ಬೈಕುಗಳು: ನಿತ್ಯ ನಮ್ಮ ಕಿವಿ ಲೆಕ್ಕಕ್ಕೇ ತೆಗೆದುಕೊಳ್ಳದ ಇವೆಲ್ಲವನ್ನೂ ಮೈಕ್ ತಪ್ಪದೆ ದಾಖಲಿಸುತ್ತದೆ. ಆರಿಸಬಹುದಾದವನ್ನು ಆರಿಸಿ. ಆರಿಸಲಾಗದವು ನಿಮ್ಮ ಕೆಲಸದ ವೇಳೆಯನ್ನು ನಿರ್ಧರಿಸುತ್ತವೆ. ನಗರಗಳಲ್ಲಿ ರಾತ್ರಿ ಹತ್ತರ ನಂತರದ ಹೊತ್ತು ಸಾಮಾನ್ಯವಾಗಿ ಅನುಕೂಲ. ಬೆಳಗಿನ ಜಾವವೂ ಒಳ್ಳೆಯದೇ, ಆದರೆ ಬೇಸಿಗೆಯಲ್ಲಿ ಕೋಗಿಲೆಗಳು ಬಲು ಬೇಗ ಏಳುತ್ತವೆ. ಮಲೆನಾಡು, ಕರಾವಳಿಗಳಲ್ಲಿ ಹೆಂಚಿನ ಮಾಡಿನ ಕೆಳಗೆ ಓದುವವರು ಜಡಿಮಳೆಯ ದಿನಗಳನ್ನು ಸಂಕಲನಕ್ಕೆ (ಎಡಿಟಿಂಗ್‌ಗೆ) ಮೀಸಲಿಟ್ಟು, ಹೊಳವಾದಾಗ ಓದುವುದು ಜಾಣತನ.

ಹೊರಗಿನ ಸದ್ದು ಒಂದು ಸಮಸ್ಯೆಯಾದರೆ ಒಳಗಿನ ಅನುರಣನ, ಅಂದರೆ ಗೋಡೆಗಳಿಗೆ ಬಡಿದು ಮರಳುವ ದನಿ, ಇನ್ನೊಂದು. ಇವೆರಡಕ್ಕೂ ಮದ್ದು ಬೇರೆ ಬೇರೆ. ಕೋಣೆಯಲ್ಲಿ ನಿಂತು ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಸದ್ದು ಅಲ್ಲೇ ಸಾಯದೆ ‘ಟಣ್’ ಎಂದು ಬಾಲ ಬೆಳೆಸಿದರೆ, ಗಾರೆಯ ಗೋಡೆ, ಟೈಲ್ಸ್ ನೆಲ, ಗಾಜಿನ ಕಿಟಕಿಗಳು ಅದನ್ನು ಚೆಂಡಿನಂತೆ ಪುಟಿಸುತ್ತಿವೆ ಎಂದರ್ಥ. ಇದನ್ನು ಹೀರಲು ದಪ್ಪನೆಯ, ಗಾಳಿಯಾಡುವ, ಮೆತ್ತನೆಯ ವಸ್ತು ಬೇಕು. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿ, ಕುರಿಯ ಉಣ್ಣೆಯ ಕಂಬಳಿ, ಹತ್ತಿಯ ಹಾಸಿಗೆ, ನೆಲಕ್ಕೊಂದು ಜಮಖಾನ ಇವು ಈ ಕೆಲಸವನ್ನು ಚೆನ್ನಾಗಿಯೇ ಮಾಡುತ್ತವೆ. ಕೌದಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಬೆರಳಿನಷ್ಟು ದೂರಕ್ಕೆ ಹಗ್ಗದಲ್ಲಿ ತೂಗುಹಾಕಿದರೆ ಇನ್ನಷ್ಟು ತಗ್ಗಿನ ಸ್ವರಗಳನ್ನೂ ಅದು ಹಿಡಿಯುತ್ತದೆ. ಗೋಡೆಗೆ ಮೊಟ್ಟೆಯ ಟ್ರೇ ಹೊಡೆಯುವ ರೂಢಿ ಇನ್ನೂ ಉಳಿದಿರುವುದು ಬೇಸರದ ಸಂಗತಿ. ಆ ಹಗುರವಾದ ರಟ್ಟು ಹೊರಗಿನ ಸದ್ದನ್ನು ತಡೆಯದು, ಒಳಗಿನ ತಗ್ಗು ಸ್ವರವನ್ನು ಹೀರದು, ಬೆಂಕಿಗೆ ಮಾತ್ರ ಬೇಗ ತುತ್ತಾಗುತ್ತದೆ.

ಇರುವುದು ಎರಡೇ ಕೌದಿಯಾದರೆ ಎಲ್ಲಿ ಹಾಕಬೇಕು? ಮೈಕ್‌ನ ಹಿಂದೆ ಹಾಕಬೇಕೆಂದು ಹಲವರು ತಿಳಿಯುತ್ತಾರೆ. ಮಾತಿಗೆ ಬಳಸುವ ಬಹುಪಾಲು ಮೈಕ್‌ಗಳು ಕಾರ್ಡಿಯಾಯ್ಡ್ ಮಾದರಿಯವು. ಅವು ಮುಂದಿನದನ್ನು ಚೆನ್ನಾಗಿ ಕೇಳಿ ಬೆನ್ನ ಹಿಂದಿನದಕ್ಕೆ ಹೆಚ್ಚು ಕಡಿಮೆ ಕಿವುಡಾಗಿರುತ್ತವೆ. ಮೈಕ್ ನೋಡುತ್ತಿರುವುದು ನಿಮ್ಮನ್ನು ಮತ್ತು ನಿಮ್ಮ ಬೆನ್ನ ಹಿಂದಿನ ಗೋಡೆಯನ್ನು. ಆದ್ದರಿಂದ ಮೊದಲ ಕೌದಿ ಓದುವವರ ಬೆನ್ನ ಹಿಂದೆ, ಎರಡನೆಯದು ಹತ್ತಿರದ ಬದಿಯ ಗೋಡೆಗೆ. ಬಾಗಿಲು ತೆರೆದ ಬಟ್ಟೆಯ ಬೀರುವಿಗೆ ಬೆನ್ನು ಮಾಡಿ ಕುಳಿತರೂ ಇದೇ ಫಲ ಸಿಗುತ್ತದೆ.

ನಮ್ಮ ಮನೆಗಳಲ್ಲಿ ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗಳು ಸಾಮಾನ್ಯ. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ ಅಂಥ ಕೋಣೆಯಲ್ಲಿ 56 ಮತ್ತು 112 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನಗಳು) ಆಸುಪಾಸಿನ ಸ್ವರಗಳು ಗೋಡೆಗಳ ನಡುವೆ ನಿಂತು ಮೊಳಗುತ್ತವೆ. 112 ಹರ್ಟ್ಸ್ ಎಂಬುದು ಗಂಡು ದನಿಯ ಮೂಲ ಸ್ವರದ ವಲಯ. ಕೋಣೆಯ ನಟ್ಟನಡುವೆ ಅದು ಹೆಚ್ಚು ಉಬ್ಬುತ್ತದೆ. ಮೇಜನ್ನು ನಡುವಿನಿಂದಲೂ ಮೂಲೆಯಿಂದಲೂ ತುಸು ಸರಿಸಿ, ಬೇರೆ ಬೇರೆ ಜಾಗಗಳಲ್ಲಿ ಒಂದೇ ಪ್ಯಾರಾ ಓದಿ ಹೋಲಿಸಿ ನೋಡಿದರೆ ಸರಿಯಾದ ಸ್ಥಳ ತಾನಾಗಿ ಗೊತ್ತಾಗುತ್ತದೆ.

ಮೈಕ್ ಮತ್ತು ಮಹಾಪ್ರಾಣ

ಸದ್ದು ತಗ್ಗಿದ ಕೋಣೆಯಿದ್ದರೆ ಕಂಡೆನ್ಸರ್ ಮೈಕ್ ದನಿಯ ಸೂಕ್ಷ್ಮಗಳನ್ನು ಹಿಡಿಯುತ್ತದೆ. ಅದಕ್ಕೆ ಮೈಕ್‌ನ ತಂತಿಯಲ್ಲೇ 48 ವೋಲ್ಟ್ ವಿದ್ಯುತ್ (ಫ್ಯಾಂಟಮ್ ಪವರ್) ಕೊಡುವ ಆಡಿಯೊ ಇಂಟರ್‌ಫೇಸ್, ಅಂದರೆ ಮೈಕ್ ಅನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಪೆಟ್ಟಿಗೆ, ಬೇಕು. ಬೀದಿಗೆ ಅಂಟಿದ ಮನೆಯವರಿಗೆ, ಬಾಯಿಗೆ ಹತ್ತಿರವಿಟ್ಟು ಬಳಸುವ ಡೈನಾಮಿಕ್ ಮೈಕ್ ಹೆಚ್ಚು ಸಹಕಾರಿ. ಹೊಸಬರು ನೇರವಾಗಿ ಲ್ಯಾಪ್‌ಟಾಪಿಗೆ ಚುಚ್ಚುವ ಯುಎಸ್‌ಬಿ ಮೈಕ್‌ನಿಂದ ಆರಂಭಿಸಿದರೆ ತಪ್ಪೇನಿಲ್ಲ. ಹೆಡ್‌ಫೋನ್ ಕಿವಿಯನ್ನು ಪೂರ್ತಿ ಮುಚ್ಚುವ, ತಂತಿಯಿರುವ ಬಗೆಯದಾಗಿರಲಿ. ಬ್ಲೂಟೂತ್‌ನಲ್ಲಿ ದನಿ ತಡವಾಗಿ ಕೇಳಿ ಓದು ತೊದಲುತ್ತದೆ. ಮುದ್ರಣದಲ್ಲಿ ಸಣ್ಣ ಗುಂಯ್‌ಕಾರ ಕೇಳಿದರೆ ಅದು ಬಹುಶಃ 50 ಹರ್ಟ್ಸ್‌ನ ವಿದ್ಯುತ್ ಗುಂಗು: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಮನೆಯ ಅರ್ಥಿಂಗ್ ಪರೀಕ್ಷಿಸಿ.

ಮೈಕ್‌ಗೂ ಬಾಯಿಗೂ ಒಂದು ಗೇಣಿಗಿಂತ ತುಸು ಕಡಿಮೆ ಅಂತರ ಸಾಕು. ದೂರ ಇಮ್ಮಡಿಯಾದರೆ ನೇರ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಕೋಣೆಯ ಅನುರಣನ ಮಾತ್ರ ಅಷ್ಟೇ ಉಳಿಯುತ್ತದೆ. ಇಲ್ಲಿ ಕನ್ನಡ ಓದುವವರು ವಿಶೇಷ ಗಮನ ಕೊಡಬೇಕಾದ ಸಂಗತಿಯೊಂದಿದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪಂಪಾಪತಿ’, ‘ಫಲಾಫಲ’, ‘ಭಾಗೀರಥಿ’ ಎಂದು ಸ್ಪಷ್ಟವಾಗಿ ಉಚ್ಚರಿಸಿ ನೋಡಿ. ಪಕಾರವನ್ನೂ ಮಹಾಪ್ರಾಣಗಳನ್ನೂ ಶುದ್ಧವಾಗಿ ನುಡಿಯುವವರ ಬಾಯಿಂದ ಹೊಮ್ಮುವ ಆ ಗಾಳಿಯ ಗುದ್ದು ಮೈಕ್‌ನಲ್ಲಿ ‘ಧಬ್’ ಎಂದು ದಾಖಲಾಗುತ್ತದೆ. ಇದಕ್ಕೆ ಹೆದರಿ ಮಹಾಪ್ರಾಣವನ್ನೇ ನುಂಗಿಬಿಡುವುದು ಭಾಷೆಗೆ ಮಾಡುವ ಅನ್ಯಾಯ. ಮೈಕ್ ಅನ್ನು ತುಟಿಯ ನೇರಕ್ಕೆ ಇಡದೆ ಬಾಯಿಯ ಅಂಚಿಗೆ ಸರಿಸಿ ಓರೆಯಾಗಿ ತಿರುಗಿಸಿ, ನಡುವೆ ಒಂದು ಪಾಪ್ ಫಿಲ್ಟರ್ ಇಡಿ. ಕಸೂತಿಯ ರಿಂಗಿಗೆ ತೆಳುವಾದ ನೈಲಾನ್ ಬಟ್ಟೆಯನ್ನು ಎಳೆದು ಬಿಗಿದರೂ ಸಾಕಾಗುತ್ತದೆ.

ಓದು

ದನಿಯನ್ನು ದಾಖಲಿಸಿ ಸಂಕಲಿಸುವ ಅಡಾಸಿಟಿ ಎಂಬ ಉಚಿತ ತಂತ್ರಾಂಶ ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಕೆಲಸ ಮಾಡುತ್ತದೆ. ಮೋನೊ, 44.1 ಕಿಲೋಹರ್ಟ್ಸ್, 24 ಬಿಟ್ ಎಂದು ಹೊಂದಿಸಿ. ಈ ಲೆಕ್ಕದಲ್ಲಿ ಒಂದು ಗಂಟೆಯ ಓದಿಗೆ ಅರ್ಧ ಜಿಬಿಗಿಂತ ಕಡಿಮೆ ಜಾಗ ಸಾಕು. ಅಧ್ಯಾಯದ ಅತಿ ಜೋರಿನ ಸಾಲನ್ನು ಓದಿ, ಆಗ ಮಟ್ಟ -12 ಮತ್ತು -6 ಡೆಸಿಬೆಲ್‌ಗಳ ನಡುವೆ ಇರುವಂತೆ ಗೇನ್ (ಮೈಕ್‌ನ ದನಿಮಟ್ಟವನ್ನು ಏರಿಳಿಸುವ ತಿರುಗುಗುಂಡಿ) ತಿರುಗಿಸಿ. ಗರಿಷ್ಠ ಮಿತಿಯಾದ ಸೊನ್ನೆಯನ್ನು ಮುಟ್ಟಿ ಒಡೆದ ದನಿಯನ್ನು ಯಾವ ತಂತ್ರಾಂಶವೂ ಪೂರ್ತಿ ಸರಿಪಡಿಸಲಾರದು.

ಬಳೆ, ಗೆಜ್ಜೆ, ಸರಸರ ಎನ್ನುವ ಬಟ್ಟೆ ಬೇಡ. ಉಗುರುಬೆಚ್ಚಗಿನ ನೀರು ಪಕ್ಕದಲ್ಲಿರಲಿ. ಓದುವ ಮೊದಲು ಮತ್ತು ಕೊನೆಗೆ ಹತ್ತು ಸೆಕೆಂಡ್ ಸುಮ್ಮನಿದ್ದು ಕೋಣೆಯ ಮೌನವನ್ನೂ ದಾಖಲಿಸಿ. ಸಂಕಲನದಲ್ಲಿ ತೇಪೆ ಹಾಕಲು ಅದು ಬೇಕಾಗುತ್ತದೆ. ತಪ್ಪಿದಾಗ ನಿಲ್ಲಿಸದೆ ಒಂದು ಚಿಟಿಕೆ ಹೊಡೆದು ಆ ವಾಕ್ಯವನ್ನು ಮೊದಲಿನಿಂದ ಓದಿದರೆ, ಪರದೆಯ ಮೇಲೆ ಎದ್ದು ನಿಂತ ಗೆರೆಯೇ ಮುಂದೆ ತಪ್ಪಿನ ಗುರುತಾಗುತ್ತದೆ.

ಕನ್ನಡದ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವಂತೂ ಕ್ರಿಯಾಪದದ ತುದಿಯಲ್ಲಿರುತ್ತದೆ, ಓದುವವರ ಉಸಿರು ಮುಗಿಯುವುದೂ ಅಲ್ಲಿಯೇ. ‘ಅವನು ಆ ರಾತ್ರಿ ಊರಿಗೆ ಹಿಂದಿರುಗಲಿಲ್ಲ’ ಎಂಬಲ್ಲಿ ಕೊನೆಯ ‘ಲಿಲ್ಲ’ ಉಸಿರಿನೊಡನೆ ಕರಗಿಹೋದರೆ ಕೇಳುವವರಿಗೆ ಅವನು ಬಂದನೋ ಇಲ್ಲವೋ ತಿಳಿಯದು. ಆಮೇಲೆ ಆ ತುದಿಯನ್ನಷ್ಟೇ ಜೋರು ಮಾಡಲು ಹೋದರೆ ಕೋಣೆಯ ಗುಂಗೂ ಜೊತೆಗೇ ಏರುತ್ತದೆ. ಹಸ್ತಪ್ರತಿಯಲ್ಲಿ ಉಸಿರು ತೆಗೆದುಕೊಳ್ಳುವ ಜಾಗಗಳನ್ನು ಪೆನ್ಸಿಲಿನಲ್ಲಿ ಮೊದಲೇ ಗುರುತಿಸಿ, ಉದ್ದನೆಯ ವಾಕ್ಯದ ಕ್ರಿಯಾಪದಕ್ಕಾಗಿ ಕಾಲು ಭಾಗ ಉಸಿರನ್ನು ಉಳಿಸಿಟ್ಟುಕೊಳ್ಳುವುದನ್ನು ಅಭ್ಯಾಸ ಮಾಡಬೇಕು. ನನ್ನ ದೃಷ್ಟಿಯಲ್ಲಿ ಮೈಕ್ ಬದಲಿಸುವುದಕ್ಕಿಂತ ಈ ಒಂದು ಅಭ್ಯಾಸ ಹೆಚ್ಚು ಫಲ ಕೊಡುತ್ತದೆ.

ಸಂಕಲನ ಮತ್ತು ಅನುಮತಿ

ಮೊದಲು ತಪ್ಪುಗಳನ್ನು ಕತ್ತರಿಸಿ. ನಂತರ 80 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸುವ ಹೈಪಾಸ್ ಫಿಲ್ಟರ್ ಹಾಕಿ. ಆಮೇಲೆ ಬೇಕಿದ್ದರಷ್ಟೇ ಗದ್ದಲ ತಗ್ಗಿಸುವ ಸಾಧನವನ್ನು ಮಿತವಾಗಿ ಬಳಸಿ. ಅತಿಯಾದರೆ ದನಿ ನೀರಿನೊಳಗಿನಿಂದ ಬಂದಂತಾಗುತ್ತದೆ. ಕೇಳುಪುಸ್ತಕಗಳಿಗೆ ಆಡಿಬಲ್ ಸಂಸ್ಥೆಯ ಎಸಿಎಕ್ಸ್ ಎಂಬ ಪ್ರಕಟಣಾ ವೇದಿಕೆ ನಿಗದಿ ಮಾಡಿರುವ ಅಳತೆ ಕನ್ನಡದ ಓದಿಗೂ ಒಳ್ಳೆಯ ಮಾನದಂಡ: ಸರಾಸರಿ ಮಟ್ಟ -23ರಿಂದ -18 ಡೆಸಿಬೆಲ್, ಗರಿಷ್ಠ -3, ಮೌನದ ಗದ್ದಲ -60ಕ್ಕಿಂತ ಕೆಳಗೆ. ಕೋಣೆಯನ್ನು ಮೊದಲೇ ಸರಿಪಡಿಸಿದವರಿಗೆ ಈ ಕೊನೆಯ ಅಂಕಿ ಸುಲಭವಾಗಿ ದಕ್ಕುತ್ತದೆ.

ಇನ್ನೊಬ್ಬರ ಕೃತಿಯನ್ನು ಓದಿ ಪ್ರಕಟಿಸುವುದಾದರೆ ಲಿಖಿತ ಅನುಮತಿ ಅಗತ್ಯ. ಭಾರತದ ಕಾಯ್ದೆಯಂತೆ ಲೇಖಕರು ತೀರಿಕೊಂಡ ನಂತರವೂ 60 ವರ್ಷ ಹಕ್ಕುಸ್ವಾಮ್ಯ ಉಳಿಯುತ್ತದೆ.

ಮುಗಿದ ಅಧ್ಯಾಯದ ಮೂಲ ವೇವ್ ಕಡತವನ್ನು ಎರಡು ಬೇರೆ ಡಿಸ್ಕ್‌ಗಳಲ್ಲಿಟ್ಟು, ಎಂಪಿ3 ಪ್ರತಿಯನ್ನು ಆ ಪುಸ್ತಕ ಓದಿರದ ಯಾರಾದರೊಬ್ಬರಿಗೆ, ಕೈಗೆ ಪುಸ್ತಕ ಕೊಡದೆ, ಕೇಳಿಸಿ. ಅವರು ‘ಏನೆಂದಿರಿ?’ ಎಂದು ಕೇಳಿದ ಕಡೆಯಲ್ಲೆಲ್ಲ ಗುರುತು ಹಾಕಿಕೊಂಡು, ಮರುದಿನ ಅದೇ ಹೊತ್ತಿಗೆ, ಅದೇ ಕುರ್ಚಿಯಲ್ಲಿ, ಮೈಕ್‌ನಿಂದ ಅಷ್ಟೇ ದೂರದಲ್ಲಿ ಕುಳಿತು ಆ ವಾಕ್ಯಗಳನ್ನು ಮತ್ತೆ ಓದಿ ಸೇರಿಸಿ.