ಕಾರು ಕಂಡ್ರೆ ನಾಯಿ ಹೆದರುತ್ತಾ?

ಈ ಭಾನುವಾರ ನಾಯಿನೂ ಕರ್ಕೊಂಡು ತುಮಕೂರು ಹತ್ತಿರದ ದೇವರಾಯನದುರ್ಗ ಬೆಟ್ಟಕ್ಕೆ ಹೊರಟಿರೋರು ಸ್ವಲ್ಪ ಕೇಳಿ. ಜೊಲ್ಲು ಸುರಿಸೋದು, ಮೇಲಿಂದ ಮೇಲೆ ಆಕಳಿಸೋದು, ತುಟಿ ನೆಕ್ಕೋದು, ಬಾಲ ಮುದುರಿ ಸೀಟಿನ ಕೆಳಗೆ ನುಗ್ಗೋದು, ಇದು ಹಟ ಅಲ್ಲ. ಭಯ, ಇಲ್ಲವೇ ವಾಕರಿಕೆ. ಮರಿಗಳಿಗೆ ಒಳಗಿವಿಯ ಸಮತೋಲನದ ಭಾಗ ಇನ್ನೂ ಬಲಿತಿರಲ್ಲ, ಅದಕ್ಕೇ ವಾಂತಿ ಜಾಸ್ತಿ. ದೊಡ್ಡದಾಗ್ತಾ ಎಷ್ಟೋ ನಾಯಿಗಳಿಗೆ ತಾನಾಗೇ ಕಮ್ಮಿ ಆಗುತ್ತೆ.

ಮೊದಲು ಗಾಡಿ ಮನೆ ಮುಂದೆ ನಿಂತೇ ಇರಲಿ. ಎಂಜಿನ್ ಆಫ್, ಬಾಗಿಲು ತೆರೆದಿರಲಿ. ಹಿಂದಿನ ಸೀಟಲ್ಲಿ ಅದು ದಿನಾ ಮಲಗೋ ಹಳೇ ಬೆಡ್‌ಶೀಟ್ ಹಾಸಿ, ಮೇಲೆ ಬೇಯಿಸಿದ ಕೋಳಿ ಚೂರು ಇಡಿ. ಅದಾಗೇ ಹತ್ತಲಿ, ಎತ್ತಿ ತುರುಕಬೇಡಿ. ಆರಾಮಾಗಿ ಕೂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಸುಮ್ನಿರಿ. ಆಮೇಲೆ ಬೀದಿ ಕೊನೆವರೆಗೆ, ಆಮೇಲೆ ಊರೊಳಗಿನ ಅಮಾನಿಕೆರೆವರೆಗೆ. ದುರ್ಗದ ತಿರುವುಗಳು ಕೊನೆಗೆ. ಕಾರು ಹತ್ತಿದಾಗೆಲ್ಲ ಸೂಜಿ ಚುಚ್ಚಿಸೋಕೇ ಕರ್ಕೊಂಡು ಹೋದ್ರೆ ಯಾವ ನಾಯಿ ತಾನೇ ಹತ್ತುತ್ತೆ ಹೇಳಿ!

ಹೊರಡೋಕೆ 3–4 ಗಂಟೆ ಮುಂಚೆ ಊಟ ಬೇಡ, ನೀರು ಕೊಡಿ. ಕಿಟಕಿ ಎರಡು ಬೆರಳಷ್ಟು ಇಳಿಸಿದ್ರೆ ಸಾಕು. ಸೀಟ್ ಬೆಲ್ಟನ್ನ ಕತ್ತಿನ ಪಟ್ಟಿಗೆ ಕಟ್ಟಬೇಡಿ, ಎದೆಗೆ ಹಾಕೋ ಹಾರ್ನೆಸ್‌ಗೆ ಹಾಕಿ. ನಾವು ನುಂಗೋ ವಾಂತಿ ಮಾತ್ರೆ ಅರ್ಧ ಮುರಿದು ಕೊಡೋ ಬುದ್ಧಿವಂತಿಕೆ ಬೇಡ. ನಾಯಿಗೇ ಅಂತ ಮಾರೊಪಿಟಂಟ್ ಅನ್ನೋ ವಾಂತಿ ಔಷಧಿ ಇದೆ, ತೂಕ ನೋಡಿ ಡಾಕ್ಟ್ರೇ ಬರ್ಕೊಡ್ಲಿ.