ಟೆಸ್ಟ್ ಹಸಿರು, ಲಿಂಕ್ ತಪ್ಪು

ವೆಬ್‌ಸೈಟ್ ನಡೆಸುವ ತಂತ್ರಾಂಶ ವರ್ಡ್‌ಪ್ರೆಸ್‌ಗೆ ಒಂದು ಸಣ್ಣ ಪ್ಲಗಿನ್, ಅಂದರೆ ಹೆಚ್ಚುವರಿ ಕೋಡ್, ಬರೆದುಕೊಂಡಿದ್ದೆ. ಸರಣಿ ಲೇಖನಗಳ ಕೆಳಗೆ ‘ಹಿಂದಿನ ಭಾಗ’, ‘ಮುಂದಿನ ಭಾಗ’ ಎಂದು ಲಿಂಕ್ ಹಾಕುವುದಷ್ಟೇ ಅದರ ಕೆಲಸ. ಕೋಡ್ ಬದಲಿಸಿದಾಗಲೆಲ್ಲ ನಾಲ್ಕೈದು ಪೋಸ್ಟ್ ಹಾಕಿ, ಒಂದೊಂದನ್ನೂ ಕ್ಲಿಕ್ ಮಾಡಿ ನೋಡುತ್ತಿದ್ದೆ. ಕೆಲವು ದಿನಕ್ಕೆ ಬೇಜಾರಾಯಿತು, ನೋಡುವುದನ್ನೇ ಬಿಟ್ಟೆ. ಕೋಡನ್ನು ತಾನಾಗಿ ಪರೀಕ್ಷಿಸುವ ಆಟೊಮೇಟೆಡ್ ಟೆಸ್ಟ್ ಕಡೆ ಹೊರಳಿದ್ದು ಆಮೇಲೆ.

ವರ್ಡ್‌ಪ್ರೆಸ್ಸನ್ನು ಕಮಾಂಡ್ ಕೊಟ್ಟು ನಡೆಸುವ ಡಬ್ಲ್ಯೂಪಿ-ಸಿಎಲ್‌ಐ ಇದ್ದರೆ ಶುರು ಮಾಡುವುದು ಸುಲಭ. ಅದರ ಸ್ಕ್ಯಾಫೋಲ್ಡ್ ಕಮಾಂಡ್ ಒಂದು ಸಲ ಓಡಿಸಿದರೆ ಪಿಎಚ್‌ಪಿ ಭಾಷೆಯ ಕೋಡಿಗೆ ಟೆಸ್ಟ್ ಓಡಿಸುವ ಪಿಎಚ್‌ಪಿಯೂನಿಟ್‌ನ ಸೆಟ್ಟಿಂಗ್ ಫೈಲ್, ಒಂದು ಮಾದರಿ ಟೆಸ್ಟ್, ಒಂದು ಇನ್‌ಸ್ಟಾಲ್ ಸ್ಕ್ರಿಪ್ಟ್ ಎಲ್ಲ ಪ್ಲಗಿನ್ ಫೋಲ್ಡರಿಗೆ ಬಂದು ಕೂರುತ್ತವೆ. ಸ್ಕ್ರಿಪ್ಟ್‌ಗೆ ಡೇಟಾಬೇಸ್ ಹೆಸರು ಕೊಡುವಾಗ ಮಾತ್ರ ಹುಷಾರು. ಟೆಸ್ಟ್‌ಗೆಂದೇ ಬೇರೆ ಡೇಟಾಬೇಸ್ ಇರಲಿ. ಈಗಾಗಲೇ ಇರುವ ಹೆಸರು ಕೊಟ್ಟರೆ ‘ಅಳಿಸಿ ಹೊಸದಾಗಿ ಮಾಡಲೇ’ ಎಂದು ಕೇಳುತ್ತದೆ. ನಿದ್ದೆಗಣ್ಣಲ್ಲಿ ಹೌದು ಎಂದು ಒತ್ತಿದರೆ ಮುಗೀತು.

ಮೊದಲ ದಿನ ಎಲ್ಲ ಚೆನ್ನಾಗಿ ಓಡಿತು. ಮರುದಿನ ಕಂಪ್ಯೂಟರ್ ಆನ್ ಮಾಡಿದರೆ ಟೆಸ್ಟ್ ಲೈಬ್ರರಿಯೇ ಇಲ್ಲ ಎಂಬ ಎರರ್. ಅರ್ಧ ದಿನ ತಲೆ ಕೆರೆದುಕೊಂಡೆ. ಆ ಸ್ಕ್ರಿಪ್ಟ್ ವರ್ಡ್‌ಪ್ರೆಸ್ಸನ್ನೂ ಲೈಬ್ರರಿಯನ್ನೂ ಇಳಿಸಿಕೊಳ್ಳುವುದು ತಾತ್ಕಾಲಿಕ ಫೈಲ್ ಇಡುವ ಟೆಂಪ್ ಫೋಲ್ಡರಿನೊಳಗೆ. ರೀಸ್ಟಾರ್ಟ್ ಆದಾಗ ನನ್ನ ಲಿನಕ್ಸ್ ಅದನ್ನು ಗುಡಿಸಿ ಹಾಕಿತ್ತು. ಎರಡು ಎನ್ವಿರಾನ್‌ಮೆಂಟ್ ವೇರಿಯಬಲ್ (ಸ್ಕ್ರಿಪ್ಟ್‌ಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್) ಕೊಟ್ಟು ಜಾಗ ಬದಲಿಸಿದೆ, ಆ ಕಾಟ ಅಲ್ಲಿಗೆ ನಿಂತಿತು.

ಟೆಸ್ಟ್ ಬರೆಯುವುದು ಅಂದುಕೊಂಡಷ್ಟು ಕಷ್ಟವಿರಲಿಲ್ಲ. ಮಾದರಿ ಪೋಸ್ಟ್ ಮಾಡಿಕೊಡುವ ‘ಫ್ಯಾಕ್ಟರಿ’ ಆ ಲೈಬ್ರರಿಯಲ್ಲೇ ಇದೆ, ಅದಕ್ಕೆ ಹೇಳಿದರೆ ಒಂದೇ ಸಾಲಿನಲ್ಲಿ ಪೋಸ್ಟ್ ತಯಾರು. ಟೆಸ್ಟ್ ಮುಗಿದ ಕೂಡಲೇ ಡೇಟಾಬೇಸ್ ರೋಲ್‌ಬ್ಯಾಕ್ ಆಗಿ ಹಿಂದಿನ ಸ್ಥಿತಿಗೆ ಮರಳುತ್ತದೆ, ಆ ಪೋಸ್ಟ್‌ಗಳು ಮಾಯ. ಹನ್ನೆರಡು ಟೆಸ್ಟ್ ಬರೆದೆ, ಹನ್ನೆರಡೂ ಹಸಿರು, ಅಂದರೆ ಪಾಸು. ಖುಷಿಯೋ ಖುಷಿ.

ಆ ವಾರವೇ ಓದುಗರೊಬ್ಬರು ತಪ್ಪು ತೋರಿಸಿದರು. ಒಂದನೇ ಭಾಗದ ಕೆಳಗೆ ‘ಮುಂದಿನ ಭಾಗ’ ಒತ್ತಿದರೆ ಮತ್ತೆ ಒಂದನೇ ಭಾಗವೇ ತೆರೆಯುತ್ತಿತ್ತು!

ಶೀರ್ಷಿಕೆ ‘ಕಂಪ್ಯೂಟರ್ ಕಲಿಕೆಯ ಮೊದಲ ಪಾಠಗಳು ಭಾಗ 1’. ವರ್ಡ್‌ಪ್ರೆಸ್ ಇದರಿಂದ ಸ್ಲಗ್ (ಲಿಂಕಿನಲ್ಲಿ ಬರುವ ಪೋಸ್ಟ್‌ನ ಹೆಸರು) ಮಾಡುವಾಗ ಕನ್ನಡವನ್ನು ಪರ್ಸೆಂಟ್ ಚಿಹ್ನೆಗಳ ಸಾಲಾಗಿ ಬದಲಿಸುತ್ತದೆ. ಯೂನಿಕೋಡ್‌ನ ಯುಟಿಎಫ್-8 ರೂಪದಲ್ಲಿ ನಮ್ಮ ಒಂದೊಂದು ಚಿಹ್ನೆಗೂ 3 ಬೈಟ್, ಒಂದೊಂದು ಬೈಟಿಗೂ 3 ಅಕ್ಷರ, ಒಟ್ಟು 9. ಒತ್ತಕ್ಷರ, ಕೊಂಬು, ದೀರ್ಘ ಎಲ್ಲ ಬೇರೆ ಬೇರೆ ಲೆಕ್ಕ. ಸ್ಲಗ್‌ಗೆ ಇರುವ ಜಾಗ ಇಂಥ 200 ಅಕ್ಷರ. ಹಾಗಾಗಿ ಈ ಶೀರ್ಷಿಕೆ ‘ಮೊದಲ-ಪಾ’ ಎನ್ನುವಲ್ಲಿಗೇ ತುಂಡಾಗುತ್ತದೆ. ‘ಭಾಗ 1’, ‘ಭಾಗ 2’ ಅಲ್ಲಿಯವರೆಗೆ ಬರುವುದೇ ಇಲ್ಲ. ಎರಡಕ್ಕೂ ಒಂದೇ ಸ್ಲಗ್ ಆಗುವುದರಿಂದ ವರ್ಡ್‌ಪ್ರೆಸ್ ಎರಡನೆಯದರ ಬಾಲಕ್ಕೆ ‘-2’ ಅಂಟಿಸುತ್ತದೆ. ನನ್ನ ಪ್ಲಗಿನ್‌ಗೆ ಆ ಬಾಲ ಗೊತ್ತಿಲ್ಲ. ಅದು ಶೀರ್ಷಿಕೆಯಿಂದ ತಾನೇ ಸ್ಲಗ್ ಕಟ್ಟಿ ಹುಡುಕುತ್ತಿತ್ತು, ಸಿಕ್ಕಿದ್ದು ಒಂದನೇ ಭಾಗ.

ಹನ್ನೆರಡು ಟೆಸ್ಟ್‌ಗೂ ಇದು ಕಾಣಲಿಲ್ಲ ಯಾಕೆ? ಫ್ಯಾಕ್ಟರಿ ತಾನಾಗಿ ಕೊಡುವುದು ಚಿಕ್ಕ ಇಂಗ್ಲಿಷ್ ಶೀರ್ಷಿಕೆ. ನಾನು ಬರೆಯುವುದು ಕನ್ನಡದಲ್ಲಿ, ಪರೀಕ್ಷಿಸಿದ್ದು ಇಂಗ್ಲಿಷ್‌ನಲ್ಲಿ. ನಗು ಬರುತ್ತೆ ಅಲ್ವಾ?

ಕೋಡ್ ಮುಟ್ಟುವ ಮೊದಲು ಅದೇ ಶೀರ್ಷಿಕೆ ಇಟ್ಟು ಹದಿಮೂರನೇ ಟೆಸ್ಟ್ ಬರೆದೆ. ಕೆಂಪಾಯಿತು. ಸ್ಲಗ್ ಬಿಟ್ಟು ಪೋಸ್ಟ್ ಐಡಿಯಿಂದ ಹುಡುಕುವಂತೆ ತಿದ್ದಿದ ಮೇಲೆ ಹಸಿರಾಯಿತು. ಅಂದಿನಿಂದ ಹೊಸ ಟೆಸ್ಟ್ ಹಸಿರಾಗಿ ಬಂದರೆ ಕೋಡಿನ ಒಂದು ಸಾಲು ಬೇಕಂತಲೇ ಕೆಡಿಸಿ ಮತ್ತೆ ಓಡಿಸುತ್ತೇನೆ. ಆಗಲೂ ಹಸಿರೇ ಇದ್ದರೆ ಆ ಟೆಸ್ಟ್ ಸುಮ್ನೆ ಕೂತಿದೆ ಎಂದರ್ಥ. ಹಳೆಯ ಹನ್ನೆರಡರಲ್ಲಿ ನಾಲ್ಕು ಹಾಗೇ ಕೂತಿದ್ದವು, ಕಿತ್ತು ಹಾಕಿದೆ.

ಈಗ ಕೋಡನ್ನು ಗಿಟ್‌ಹಬ್‌ಗೆ ಪುಶ್ ಮಾಡಿದಾಗ (ಕಳಿಸಿದಾಗ) ಅಲ್ಲಿನ ಕೆಲಸಗಳನ್ನು ತಾನಾಗಿ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನಲ್ಲಿ ಪಿಎಚ್‌ಪಿ 7.4 ಮತ್ತು 8.2 ಎರಡರಲ್ಲೂ ಟೆಸ್ಟ್ ಓಡುತ್ತದೆ. ಒಮ್ಮೆ ಮರೆತು ಕೋಡಿನಲ್ಲಿ ‘ಮ್ಯಾಚ್’ ಎಂಬ ಪದ ಬಳಸಿದ್ದೆ. ಅದು ಪಿಎಚ್‌ಪಿ 8ರಲ್ಲಿ ಬಂದದ್ದು, 7.4 ಅಲ್ಲೇ ಮುಗ್ಗರಿಸಿತು. ಬ್ರೌಸರನ್ನೇ ತೆರೆದು ಪರೀಕ್ಷಿಸುವ ಪ್ಲೇರೈಟ್‌ನ ಬ್ರೌಸರ್ ಟೆಸ್ಟ್ ಒಂದೇ ಒಂದು ಇಟ್ಟುಕೊಂಡಿದ್ದೇನೆ. ಅವು ನಿಧಾನ, ಕಾರಣವಿಲ್ಲದೆ ಬೀಳುವುದೂ ಜಾಸ್ತಿ.

ನಿನ್ನೆ ಇನ್ನೊಂದು ಸೇರಿಸಿದೆ. ಮುಂದಿನ ಭಾಗ ನಾಳೆಗೆ ಶೆಡ್ಯೂಲ್ ಆಗಿದ್ದರೆ ಅದರ ಲಿಂಕ್ ಇವತ್ತೇ ಕಾಣಬಾರದು. ಓಡಿಸಿ ನೋಡಿದೆ, ಕೆಂಪು. ಇವತ್ತಿನ ಕೆಲಸ ಅದೇ.